ಪೋಸ್ಟರ್, ನಾಲ್ಕಡಿ ಮೂರಡಿ

ನೆಹರೂ ರಸ್ತೆಯ ಫ್ಲೆಕ್ಸ್ ಅಂಗಡಿಯವನು ಕೇಳಿದ:
"ಹುಟ್ಟುಹಬ್ಬವೋ, ಶ್ರದ್ಧಾಂಜಲಿಯೋ?"
ಎರಡೂ ಅಲ್ಲಣ್ಣ, ಹುಳ, ಎಂದೆ.
ಒಮ್ಮೆ ನನ್ನನ್ನು, ಒಮ್ಮೆ ಪರದೆಯನ್ನು ನೋಡಿ
ರೂಢಿಯಂತೆ ಅಂಚಿಗೊಂದು ಹೂಬಳ್ಳಿ ಎಳೆದ.
ತೆಗೆಸಿದೆ. ಒಂದು ಎಲೆ ಉಳಿದೇಹೋಯಿತು.

ಮಳೆಗಾಲ ಬಿಟ್ಟು, ತಿಂಗಳಿಗೆರಡು ಭಾನುವಾರ,
ಗಾಜನೂರಿನಿಂದ ಕೂಡ್ಲಿಯವರೆಗೆ ಐದು ಕಡೆ
ಮೊಣಕಾಲುದ್ದದ ತುಂಗೆಯಲ್ಲಿ ಬಾಗಿ
ಕಲ್ಲು ಮಗುಚಿದ್ದೇನೆ.
ಕಲ್ಲಿನ ಹೊಟ್ಟೆಗೆ ಅಂಟಿಕೊಂಡ ಮರಳಿನ ಗೂಡು,
ಕಾಳು ಕಾಳು ಆರಿಸಿ, ಎಂಜಲ ನೂಲಲ್ಲಿ ಹೆಣೆದದ್ದು;
ಒಳಗೊಬ್ಬ ಮೇಸ್ತ್ರಿ, ಅಕ್ಕಿಕಾಳಿನಷ್ಟು.
ಗಾಜನೂರಲ್ಲಿ ಕಲ್ಲಿಗೆ ಮೂವತ್ತೊಂದು.
ಊರ ಮೋರಿ ಸೇರುವಲ್ಲಿ ಸೊನ್ನೆ.
ಅಲ್ಲಿ ಕೆಂಪು ದಾರದ ತುಂಡಿನಂಥವು ಮಾತ್ರ,
ಉಸಿರಿಲ್ಲದ ಕೆಸರಲ್ಲೂ ಬಾಳುವೆ ಮಾಡಬಲ್ಲವು.
ಕೂಡ್ಲಿಯಲ್ಲಿ, ಭದ್ರೆ ಬಂದು ಕೈಹಿಡಿದ ಮೇಲೆ, ನಾಲ್ಕು.
ಇಷ್ಟೇ ನನ್ನ ಸಂಶೋಧನೆ.
ಬಿ.ಎಸ್ಸಿ. ಕೊನೆಯ ವರ್ಷ. ಐವತ್ತು ಅಂಕಕ್ಕೆ.

ಶಂಕರಘಟ್ಟದ ಸಭಾಂಗಣದ ಹೊರಗೆ, ಮೆಟ್ಟಿಲ ಪಕ್ಕ,
ನನ್ನ ಸ್ಟ್ಯಾಂಡು ಇಪ್ಪತ್ತೇಳು.
ಮೂರು ನಿಮಿಷ. ಗಂಟಲಿಗೆ ಇಂಗ್ಲಿಷು ಅಂಟಿಕೊಂಡಿತು.
ಕನ್ನಡಕ ಹಣೆಗೇರಿಸಿದ ತೀರ್ಪುಗಾರರು ಕೇಳಿದರು:
ಐದೇ ಜಾಗ ಸಾಕೇ? ದೋಷರೇಖೆ ಎಲ್ಲಿ?
ಮಳೆಗಾಲದ ಲೆಕ್ಕ ಯಾಕೆ ಖಾಲಿ?
ಮಳೆಗಾಲದಲ್ಲಿ ಹೊಳೆ ನನ್ನ ಕುತ್ತಿಗೆಗಿತ್ತು ಸಾರ್
ಅನ್ನಲಿಲ್ಲ. "ಮಿತಿಗಳು" ಎಂಬ ಚೌಕದತ್ತ ಬೆರಳು ತೋರಿದೆ.
ನಕ್ಕರು, ಕೆಟ್ಟ ನಗುವಲ್ಲ,
ಏನೋ ಗುರುತು ಹಾಕಿಕೊಂಡು ಇಪ್ಪತ್ತೆಂಟಕ್ಕೆ ಹೋದರು.
ಎಲೆಯ ಬಗ್ಗೆ ಯಾರೂ ಕೇಳಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ವಿನೋದಿನಿ ಮೇಡಂ ಅಂದರು:
ಹೊಳೆಯ ಸುದ್ದಿ ಹೊಳೆದಂಡೆಗೆ ಹೇಳದೆ
ಬರೀ ಇವರಿಗೆ ಹೇಳಿ ಬಂದರೆ
ಅದು ಚಾಡಿ.

ಮರುವಾರ ಕೋರ್ಪಲಯ್ಯನ ಛತ್ರದ ಹತ್ತಿರ,
ಒಗೆಯುವ ಕಲ್ಲುಗಳ ನಡುವೆ,
ಎರಡು ಬಿದಿರುಗಳಕ್ಕೆ ಪೋಸ್ಟರ್ ಕಟ್ಟಿದೆ.
ಇಂಗ್ಲಿಷು ನೀರಿಗಿಳಿಯಲಿಲ್ಲ.
"ಜೀವವೈವಿಧ್ಯ ಸೂಚ್ಯಂಕ" ಎಂದು ಶುರುಮಾಡಿದೆ,
ನನ್ನ ಕನ್ನಡವೂ ಇಳಿಯಲಿಲ್ಲ.
ಚೀಲದಿಂದ ಬಾಟಲಿ ತೆಗೆದೆ.

ಮಡಿವಾಳರ ಹಾಲಪ್ಪಜ್ಜ ಅದನ್ನು ಬಿಸಿಲಿಗೆ ಹಿಡಿದು
"ಅಯ್ಯ, ಕಲ್ಲುಮನೆಯವ!" ಎಂದ,
ಬಹಳ ದಿನ ಕಾಣದ ನೆಂಟನನ್ನು ಕೂಗಿದ ಹಾಗೆ.
"ನಮ್ಮ ಕಲ್ಲಿನಡಿಗೇ ಇರ್ತಿದ್ದ.
ಸೀರೆಗೆ ಅಂಟಿ ಬಂದ್ರೆ ಅಮ್ಮ ನಂಗೇ ಬೈಯೋಳು.
ಮೋರಿ ಈ ಕಡೆ ತಿರುಗಿಸಿದ ವರ್ಷ
ನನ್ನ ಎರಡನೇ ಮಗಳ ಮದುವೆ.
ಮುಂದಿನ ಬೇಸಿಗೆಗೆ ಇವ ಇಲ್ಲ."
ನನ್ನ ಹದಿನಾರು ಭಾನುವಾರಗಳ ಪಕ್ಕ
ಅವನ ಐವತ್ತು ವರ್ಷ ಬಂದು ಕೂತವು,
ದೋಷರೇಖೆಯಿಲ್ಲದೆ, ಮದುವೆಗಳ ಅಳತೆಗೋಲು ಹಿಡಿದು.

"ಸೋಪಿಂದ ಸತ್ವು ಅಂತ
ನಮ್ಮ ಮೇಲೆ ಬರೆದಿಲ್ಲ ತಾನೆ?"
ಕೇಳಿದ್ದು ಸೊಸೆ ಗಿರಿಜವ್ವ, ಮೊಣಕೈವರೆಗೆ ನೊರೆ.
ಬರೆದಿದ್ದೆ. ಕೆಳಗೆ, ಸಣ್ಣಕ್ಷರದಲ್ಲಿ, "ಮಾರ್ಜಕಗಳು" ಎಂದು,
ಅವಳ ಹೆಸರು ಬಾರದ ಹಾಗೆ.
ಓದಿ ಹೇಳಿದೆ. ಒಂದು ಅಂಗಿ ಹಿಂಡಿ ಮುಗಿಯುವಷ್ಟು ಸುಮ್ಮನಿದ್ದಳು.
"ಎಷ್ಟು ನಮ್ದು, ಎಷ್ಟು ಮೋರಿದು?"

ಶಂಕರಘಟ್ಟದಲ್ಲಿ ಯಾರೂ ಕೇಳಿರಲಿಲ್ಲ ಇದನ್ನು.
ಅಳೆದಿಲ್ಲ, ಗೊತ್ತಿಲ್ಲ ಎಂದೆ,
ಯಾವ ಚೌಕವನ್ನೂ ತೋರಿಸದೆ.
"ಹಂಗಾದ್ರೆ ಅಳಿ. ನಾಳೆ ಆರಕ್ಕೇ ಬಾ.
ನಾ ನೀರಿಗಿಳಿಯೋಕೆ ಮುಂಚೆ ಒಂದು ಬಾಟ್ಲಿ,
ಎದ್ದ ಮೇಲೊಂದು."

ಅಷ್ಟರಲ್ಲಿ ನಾಲ್ಕು ಹನಿ ಉದುರಿದವು.
ಹೋಟೆಲಿನ ಹಾಸುಬಟ್ಟೆಯ ಗಂಟು ನೆನೆಯುತ್ತದೆಂದು
ಅಜ್ಜ ಕೇಳದೆಯೇ ಪೋಸ್ಟರ್ ಬಿಚ್ಚಿ ಹೊದಿಸಿದ.
ಗ್ರಾಫು ಮೇಲಕ್ಕೆ ಬರಲಿ ಅಜ್ಜ, ಎಂದೆ.
ಸೇತುವೆಯ ಮೇಲೆ ನಿಂತ ಬಸ್ಸಿನ ಕಿಟಕಿಗಳಿಂದ
ಯಾರು ಯಾರೋ ಬಗ್ಗಿ ನೋಡುತ್ತಿದ್ದರು:
ಐದು ಕಂಬಕ್ಕೆ ಜಾಗ, ನಡುವಿನದು ಇಲ್ಲ,
ಮೂಲೆಯಲ್ಲೊಂದು ಹಸಿರು ಎಲೆ.